ಕಪ್ಪು ದಾರ ಕಟ್ಟಿದ ಸೀಸೆ

ಮಾರ್ಚ್ ೩, ಸೋಮವಾರ

ಗುರುವಾರ ನನ್ನ ಬಲಗಣ್ಣಿನ ಪೊರೆ ತೆಗೆಯುತ್ತಾರೆ. ಎಡಗಣ್ಣು ಇದ್ದೂ ಇಲ್ಲದ ಹಾಗೆ. ಐದು ವರ್ಷದವಳಿದ್ದಾಗ ಬಂದ ಜ್ವರ ಅದರ ಬೆಳಕನ್ನು ತೆಗೆದುಕೊಂಡೇ ಹೋಯಿತು. ಅಲ್ಲಿಂದ ಈ ಅರವತ್ತಾರರವರೆಗಿನ ಬದುಕನ್ನೂ, ಅದರಲ್ಲಿ ನಲವತ್ತು ವರ್ಷದ ರಫೂ ಕೆಲಸವನ್ನೂ ನಡೆಸಿಕೊಂಡು ಬಂದದ್ದು ಬಲಗಣ್ಣೊಂದೇ. ಅದಕ್ಕೇನಾದರೂ ಆದರೆ ಅಂಗಡಿ ಬಾಗಿಲು ಹಾಕಿ ಗೋಡೆ ನೋಡುತ್ತಾ ಕೂರಬೇಕು. ಗೋಡೆಯೂ ಕಾಣುವುದಿಲ್ಲ, ಆ ಮಾತು ಬೇರೆ.

ಹೆದರಿಕೆಯಾಗಿದೆ ಅಂತ ಯಾರ ಹತ್ತಿರವೂ ಹೇಳುವ ಜಾಯಮಾನ ನನ್ನದಲ್ಲ. ಅದಕ್ಕೇ ಈ ಪುಸ್ತಕ. ದಪ್ಪ ಪೆನ್ನು, ದೊಡ್ಡ ಅಕ್ಷರ, ಪುಟಕ್ಕೆ ಹತ್ತೇ ಸಾಲು.

ಇವತ್ತು ಬ್ಯಾಂಡ್ ಮೇಷ್ಟ್ರ ಕಪ್ಪು ಕೋಟು ಹಿಡಿದೆ. ಹುಳ ತಿಂದು ಮೂರು ಕಡೆ ತೂತು ಮಾಡಿದೆ. ಮುಂದಿನ ತಿಂಗಳು ಹದಿನೆಂಟಕ್ಕೆ ಅವರ ಕಾರ್ಯಕ್ರಮ. ಮೂವತ್ತು ವರ್ಷದಿಂದ ಅದೇ ಕೋಟು ಹಾಕಿಕೊಂಡು ಕೋಲು ಬೀಸಿದವರು, ನಿವೃತ್ತಿಯ ದಿನವೂ ಅದನ್ನೇ ಹಾಕಬೇಕಂತೆ. ಸಾಮಾನ್ಯವಾಗಿ ನಾನು ಬಟ್ಟೆಯ ಒಳಮಡಿಕೆಯಿಂದಲೇ ಎಳೆ ತೆಗೆದು ತೂತು ತುಂಬುತ್ತೇನೆ. ಈ ಕೋಟಿನ ಮಡಿಕೆಯಲ್ಲಿ ಎಳೆ ತೆಗೆಯುವಷ್ಟು ಬಟ್ಟೆಯೇ ಉಳಿದಿಲ್ಲ. ಪೆಟ್ಟಿಗೆಯ ಕಪ್ಪು ದಾರದಲ್ಲೇ ಭುಜದ ದೊಡ್ಡ ತೂತು ಮುಗಿಸಿದೆ. ರಫೂ ಅಂದರೆ ಹರಿದೇ ಇರಲಿಲ್ಲ ಅನ್ನಿಸಬೇಕು. ಯಾರ ಕಣ್ಣಿಗೂ ಬೀಳದಿದ್ದರೆ ಮಾತ್ರ ಅದು ಕೆಲಸ.

ಆಮೆ ಹತ್ತಿರ ಬಂದು ನಿಂತಳು. ಆಮೆ ಅಂದರೆ ನನ್ನ ನಾದಿನಿ, ಅವಳ ನಿಧಾನಕ್ಕೆ ನಾನಿಟ್ಟ ಹೆಸರು. ನನ್ನ ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ಅವರ ಈ ತಂಗಿ ನನ್ನ ಜೊತೆಗೇ ಇದ್ದಾಳೆ, ಅಂಗಡಿಯಲ್ಲಿ ಕೈಗೆ ಕೈ ಜೋಡಿಸುತ್ತಾಳೆ. ನಾನು ಎರಡು ತೂತು ಮುಚ್ಚುವಷ್ಟರಲ್ಲಿ ಅವಳು ಸೂಜಿಗೆ ದಾರ ಪೋಣಿಸಿರುತ್ತಾಳೆ, ಅಷ್ಟೇ.

"ಅತ್ತಿಗೆ, ಕಿಟಕಿ ಹತ್ರ ಹಿಡಿದು ಒಂದ್ಸಲ ನೋಡ್ತೀರಾ?" ಅಂದಳು.

"ನೋಡಿಯೇ ಮಾಡಿದ್ದು ಕಣೇ. ನಂಗೇ ಪಾಠ ಹೇಳ್ತೀಯಾ?"

ಬಾಯಿ ತೆರೆದಳು, ಮುಚ್ಚಿದಳು, ಕೋಟು ಮಡಿಸಿ ಒಳಗಿಟ್ಟಳು. ಒಂದು ಮಾತು ಆಡುವುದಕ್ಕೂ ಅವಳಿಗೆ ಅರ್ಧ ದಿನ ಬೇಕು.

ಮಾರ್ಚ್ ೫, ಬುಧವಾರ

ಆಸ್ಪತ್ರೆಯಲ್ಲಿ ಎರಡು ಸೀಸೆ ಹನಿ ಔಷಧ ಕೊಟ್ಟರು. ಅಲ್ಲಿಯ ನರ್ಸಿನದು ಎಂಥ ಗಂಟಲು! ಕಿವುಡರ ಆಸ್ಪತ್ರೆಗೆ ಹೋಗಬೇಕಾದವಳು ತಪ್ಪಿ ಕಣ್ಣಿನ ಆಸ್ಪತ್ರೆಗೆ ಬಂದಿರಬೇಕು. ಆದರೂ ಒಂದೊಂದನ್ನೂ ಮೂರು ಮೂರು ಸಲ ಹೇಳಿದಳು, ಪುಣ್ಯಾತ್ಗಿತ್ತಿ.

"ಅಮ್ಮ, ಒಂದು ಸೀಸೆ ಸೋಂಕು ಆಗದೇ ಇರೋದಕ್ಕೆ. ಇನ್ನೊಂದು ಒಳಗಿನ ಊತ, ಉರಿ ಇಳಿಯೋದಕ್ಕೆ. ಮೊದಲನೇ ವಾರ ಎರಡೂ ದಿನಕ್ಕೆ ನಾಲ್ಕು ಸಲ. ವಾರ ಆದ್ಮೇಲೆ ಸೋಂಕಿನದು ನಿಲ್ಸಿ. ಊತದ್ದು ಮಾತ್ರ ಗಪ್ ಅಂತ ನಿಲ್ಸೋ ಹಾಗಿಲ್ಲ. ಮೂರು ಸಲ, ಆಮೇಲೆ ಎರಡು, ಆಮೇಲೆ ಒಂದು, ಹೀಗೆ ವಾರವಾರ ಇಳಿಸ್ಕೊಂಡು ಬರ್ಬೇಕು. ಚೆನ್ನಾಗಿ ಕಾಣ್ತಿದೆ ಅಂತ ನೀವಾಗೇ ಬಿಡಬೇಡಿ. ಹಾಯಾಗಿದೆ ಅಂತ ಜಾಸ್ತಿನೂ ಹಾಕ್ಕೋಬೇಡಿ."

ಮನೆಗೆ ಬಂದು ನೋಡಿದರೆ ಎರಡೂ ಸೀಸೆ ಅವಳಿ ಮಕ್ಕಳ ಹಾಗಿವೆ. ಚೀಟಿಯ ಅಕ್ಷರವಂತೂ ಇರುವೆ ಸಾಲು. ಆಮೆ ಬಿಳಿ ಪಟ್ಟಿ ಅಂಟಿಸಿ ದೊಡ್ಡಕ್ಷರದಲ್ಲಿ ಬರೆಯುತ್ತೇನೆ ಅಂತ ಹೊರಟಳು. ಬೇಡ ಅಂದೆ. ನಲವತ್ತು ವರ್ಷ ದಾರದ ಜೊತೆ ಬಾಳಿದವಳಿಗೆ ಪಟ್ಟಿ ಯಾಕೆ? ಚೀಟಿಯನ್ನು ಅವಳ ಕೈಲಿ ಓದಿಸಿ, ಪೆಟ್ಟಿಗೆಯಿಂದ ನಾನೇ ದಾರ ಆರಿಸಿ ಸೀಸೆಗಳ ಕುತ್ತಿಗೆಗೆ ಕಟ್ಟಿದೆ. ಮರೆಯದಿರಲಿ ಅಂತ ಇಲ್ಲೂ ಬರೆದಿಡುತ್ತೇನೆ:

ಕಪ್ಪು ದಾರ – ಊತದ್ದು. ಕಂದು ದಾರ – ಸೋಂಕಿನದು.

ಆಮೆ ದಾರಗಳನ್ನೇ ನೋಡುತ್ತಾ ನಿಂತಿದ್ದಳು. "ಅತ್ತಿಗೆ, ಬರೆದೂ ಇಡೋಣ" ಅಂದಳು ಮತ್ತೆ. ಗದರಿದೆ.

ಮಾರ್ಚ್ ೭, ಶುಕ್ರವಾರ

ಕಣ್ಣಿನ ಪಟ್ಟಿ ಬಿಚ್ಚಿದರು.

ಏನಂತ ಬರೆಯಲಿ! ಆಸ್ಪತ್ರೆಯ ಗೋಡೆ ಬೆಳ್ಳಗಿದೆ. ಡಾಕ್ಟರ ಹಣೆಯಲ್ಲಿ ಒಂದು ಸಣ್ಣ ಮಚ್ಚೆ ಇದೆ. ಅವರು ನನ್ನ ಮಗಳಾಗುವ ವಯಸ್ಸಿನವರು, ಆದರೂ ಕೈ ಎತ್ತಿ ಮುಗಿದುಬಿಟ್ಟೆ. ದಾರಿಯಲ್ಲಿ ಆಕಾಶ ನೋಡಿ ಬಸ್ ನಿಲ್ದಾಣದಲ್ಲೇ ನಿಂತೆ. ಇಷ್ಟು ನೀಲಿ ಇತ್ತೇ ಇದು? ಎರಡು ಬಸ್ ಹೋದವು. ಆಮೆ ಕೊಡೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು.

ಮನೆಯಲ್ಲಿ ನನ್ನ ಬೂದು ಶಾಲು ನೋಡಿದರೆ ಅದೂ ನೀಲಿ ಹೊಡೆಯುತ್ತಿದೆ. ಒಗೆಯುವಾಗ ನೀಲಿ ಜಾಸ್ತಿ ಸುರಿದಿದ್ದಾಳೆ, ಇನ್ನೇನು. ಇವತ್ತು ಬೈಯುವ ಮನಸ್ಸಿರಲಿಲ್ಲ, ಬಿಟ್ಟೆ.

ಬಿಡಬಾರದಿತ್ತು. ಹನಿ ಹಾಕಿಕೊಳ್ಳೋಣ ಅಂತ ಸೀಸೆ ತೆಗೆದರೆ ಕಪ್ಪು ದಾರವೇ ಇಲ್ಲ! ಒಂದಕ್ಕೆ ನೀಲಿ, ಇನ್ನೊಂದಕ್ಕೆ ನೇರಳೆ.

"ದಾರ ಬದಲಾಯಿಸಿದ್ದೀಯಾ?"

"ನಾನು ಮುಟ್ಟೇ ಇಲ್ಲ ಅತ್ತಿಗೆ."

"ಮತ್ತೆ ಇಲಿ ಬಂದು ಕಟ್ತಾ?"

ಕಣ್ಣು ಕೆಳಗೆ ಹಾಕಿದಳು. ತಪ್ಪಿಲ್ಲದವರು ಹಾಗೆ ಮಾಡುತ್ತಾರೆಯೇ? ಇನ್ನು ಮೇಲೆ ಈ ಸೀಸೆಗಳ ತಂಟೆಗೆ ಬರಬೇಡ, ನಾನೇ ಹಾಕಿಕೊಳ್ಳುತ್ತೇನೆ ಅಂತ ಕಡ್ಡಿ ಮುರಿದ ಹಾಗೆ ಹೇಳಿದೆ. ಎರಡರಲ್ಲಿ ನೇರಳೆಯೇ ಹೆಚ್ಚು ಗಾಢ. ಕಪ್ಪಿನ ಬದಲಿಗೆ ಕಟ್ಟಿದ್ದು ಅದನ್ನೇ ಇರಬೇಕು. ಅಂದರೆ ನೇರಳೆ ಊತದ್ದು, ನೀಲಿ ಸೋಂಕಿನದು. ಹೇಗೂ ಈ ವಾರ ಎರಡೂ ನಾಲ್ಕು ನಾಲ್ಕು ಸಲ.

ಮಾರ್ಚ್ ೯, ಭಾನುವಾರ

ಹನಿ ಹಾಕಿಕೊಳ್ಳುವುದು ಸೂಜಿ ಪೋಣಿಸಿದಷ್ಟು ಸುಲಭವಲ್ಲ. ಮೊದಲ ಹನಿ ಮೂಗಿಗೆ, ಎರಡನೆಯದು ಕೆನ್ನೆಗೆ. ಸೀಸೆಯ ತುದಿ ಎಲ್ಲಿದೆ ಅಂತ ಬೆರಳಿನಿಂದ ಮುಟ್ಟಿ ನೋಡಲು ಹೋದೆ. ಸೂಜಿ ಮೊನೆ ಮುಟ್ಟಿ ನೋಡುವ ಅಭ್ಯಾಸ ಕೈಗೆ. ಬಾಗಿಲ ಹತ್ತಿರದಿಂದ ಆಮೆ, "ತುದಿ ಯಾವುದಕ್ಕೂ ತಾಗಬಾರದಂತೆ, ರೆಪ್ಪೆಗೂ" ಅಂದಳು. ಗೊತ್ತು ಹೋಗೇ ಅಂದೆ. ಮರೆತಿದ್ದೆ, ನಿಜ ಹೇಳಬೇಕೆಂದರೆ.

ಈಗ ಹದ ಸಿಕ್ಕಿದೆ. ಕೈ ತೊಳೆದು, ಕುರ್ಚಿಗೆ ತಲೆ ಆನಿಸಿ, ಕೆಳರೆಪ್ಪೆ ಎಳೆದು, ಒಂದೇ ಹನಿ. ಕಣ್ಣು ಮುಚ್ಚಿ ಮೂಗಿನ ಪಕ್ಕ ಬೆರಳೊತ್ತಿ ಕೂರುವುದು. ಒಂದು ಔಷಧ ಆದಮೇಲೆ ಐದು ನಿಮಿಷ ಬಿಟ್ಟು ಇನ್ನೊಂದು. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದಂತೆ.

ಎರಡು ವಾರ ಅಂಗಡಿ ಕೋಣೆಯ ಕಡೆ ತಲೆ ಹಾಕಬಾರದು, ದೂಳು. ಆಮೆ ಒಬ್ಬಳೇ ಅಲ್ಲಿದ್ದಾಳೆ. ಮೇಷ್ಟ್ರ ಕೋಟಿನ ದೂಳು ಒರೆಸುತ್ತೇನೆ ಅಂತ ಹೋದವಳು ಮೂರು ಗಂಟೆಯಾದರೂ ಬಂದಿಲ್ಲ. ಒರೆಸುತ್ತಿದ್ದಾಳೋ, ಹೊಸ ಕೋಟು ನೇಯುತ್ತಿದ್ದಾಳೋ.

ಮಾರ್ಚ್ ೧೪, ಶುಕ್ರವಾರ

ವಾರ ಮುಗಿಯಿತು. ನೀಲಿ ದಾರದ ಸೀಸೆ ಮೇಜಿನ ಖಾನೆಗೆ ಸೇರಿತು. ಇನ್ನು ನೇರಳೆ ಮಾತ್ರ, ದಿನಕ್ಕೆ ಮೂರು ಸಲ. ಬೀದಿಯಾಚೆಯ ಬೇಕರಿ ಫಲಕವನ್ನು ಕೂತಲ್ಲಿಂದಲೇ ಓದುತ್ತೇನೆ. ಈ ವಯಸ್ಸಿನಲ್ಲಿ ಇನ್ನೊಮ್ಮೆ ಕಣ್ಣು ಕೊಟ್ಟರಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ಮಾರ್ಚ್ ೧೭, ಸೋಮವಾರ

ಬಿಸಿಲು ಚುಚ್ಚುತ್ತಿದೆ. ಈರುಳ್ಳಿ ಹೆಚ್ಚುವ ಕಡೆ ಹೋಗಿದ್ದೆ, ಅದಕ್ಕೇ ಇರಬೇಕು.

ಮಾರ್ಚ್ ೧೮, ಮಂಗಳವಾರ

ಕಣ್ಣು ಕೆಂಪಗಿದೆ. ಒಳಗೆಲ್ಲೋ ನೋವು. ಬೇಕರಿ ಫಲಕ ಮಂಜಾಗಿದೆ. ಕಪ್ಪು ಕನ್ನಡಕ ತೆಗೆಯದೆ ಓಡಾಡಿದೆ, ಆಮೆಗೆ ಗೊತ್ತಾಗಬಾರದು.

ಲಾಂಡ್ರಿಯವನು ಬಟ್ಟೆ ಕೊಡಲು ಬಂದವನು ನೋಡಿಬಿಟ್ಟ. "ಅಯ್ಯೋ, ನಮ್ಮಮ್ಮಂಗೂ ಹೀಗೇ ಆಗಿತ್ತು, ಅರ್ಧ ಸೀಸೆ ಉಳ್ಕೊಂಡಿದೆ ನೋಡಿ" ಅಂತ ಓಡಿ ಹೋಗಿ ತಂದುಕೊಟ್ಟ. ಒಳ್ಳೆಯ ಮನಸ್ಸು ಅವನದು. ತಲೆ ಹಿಂದಕ್ಕೆ ಹಾಕಿ ಇನ್ನೇನು ಹಿಂಡಬೇಕು, ಯಾರೋ ಕೈಯಿಂದ ಕಿತ್ತುಕೊಂಡರು. ನೋಡಿದರೆ ಆಮೆ! ಬಾಗಿಲಿನಿಂದ ಕುರ್ಚಿಯವರೆಗೆ ಯಾವಾಗ ಬಂದಳೋ.

"ಬೇರೆಯವರ ಔಷಧಿ, ಅದೂ ಯಾವ ಕಾಲದ್ದೋ! ಬೇಡ ಅಂದ್ರೆ ಬೇಡ. ಬಂದಿರೋ ಕಣ್ಣು ಉಳೀಬೇಕೋ ಬೇಡ್ವೋ ನಿಮಗೆ? ನಾಳೆ ಎದ್ದ ತಕ್ಷಣ ಆಸ್ಪತ್ರೆಗೆ ಹೋಗೋಣ."

ಹನ್ನೆರಡು ವರ್ಷದಲ್ಲಿ ಅವಳು ನನ್ನ ಮೇಲೆ ಸ್ವರ ಎತ್ತಿದ್ದು ಇದೇ ಮೊದಲು. ನಾನು ಹೂಂ ಅಂದೆ.

ಕಣ್ಣು ಹೋದರೆ?

ಮಾರ್ಚ್ ೧೯, ಬುಧವಾರ

ಆಸ್ಪತ್ರೆಯಿಂದ ಬಂದು ಮಲಗಿ ಎದ್ದು ಬರೆಯುತ್ತಿದ್ದೇನೆ. ಬರೆಯಬಹುದಂತೆ, ಸ್ವಲ್ಪವೇ. ಆದರೆ ಸ್ವಲ್ಪಕ್ಕೆ ಮುಗಿಯುವಂಥದ್ದಲ್ಲ ಇದು.

ನರ್ಸ್ ಮೊದಲು ಕೇಳಿದ್ದೇ ಸೀಸೆಗಳನ್ನು. ಆಮೆ ಖಾನೆಯಲ್ಲಿದ್ದದ್ದನ್ನೂ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ನರ್ಸ್ ನೇರಳೆ ದಾರದ್ದನ್ನು ಓದಿದಳು, ನೀಲಿಯದನ್ನು ಓದಿದಳು, ಗಂಟಲು ತಗ್ಗಿಸಿದಳು. ಅವಳಿಗೆ ಗಂಟಲು ತಗ್ಗಿಸಲು ಬರುತ್ತದೆ ಅಂತ ಆಗಲೇ ಗೊತ್ತಾದದ್ದು.

"ಅಮ್ಮ, ನಿಲ್ಸಬೇಕಾದ್ದನ್ನ ಹಾಕ್ಕೋತಾ ಇದ್ದೀರಿ. ಹಾಕ್ಕೋಬೇಕಾದ್ದನ್ನ ನಿಲ್ಸಿದ್ದೀರಿ."

"ಊತದ್ದಕ್ಕೆ ನಾನು ಕಪ್ಪು ದಾರ ಕಟ್ಟಿದ್ದೆ. ಇವಳು ಬದಲಾಯಿಸಿದಳು" ಅಂದೆ. ಆಗಲೂ ಅದೇ ಬಂತು ಬಾಯಿಗೆ. ಥೂ.

ಡಾಕ್ಟರು ದೀಪದ ಯಂತ್ರಕ್ಕೆ ಗದ್ದ ಇಡಿಸಿ ತುಂಬಾ ಹೊತ್ತು ನೋಡಿದರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು. ನನ್ನ ಪೊರೆ ಹಳೆಯದಂತೆ, ಹಳದಿ ತಿರುಗಿ ಕಂದು ಆಗಿತ್ತಂತೆ. ಕಷಾಯದ ಬಣ್ಣದ ಗಾಜಿನ ಹಿಂದೆ ಕೂತು ಲೋಕ ನೋಡಿದ ಹಾಗೆ. ಆ ಗಾಜಿನಲ್ಲಿ ಕಡು ನೀಲಿ ಕಪ್ಪಾಗಿಯೂ ನೇರಳೆ ಕಂದಾಗಿಯೂ ಕಾಣುವುದು ಸಹಜವಂತೆ.

"ದಾರ ಯಾರೂ ಬದಲಾಯಿಸಿಲ್ಲ ಅಮ್ಮ. ನಿಮ್ಮ ಕಣ್ಣು ಬದಲಾಗಿದೆ."

ಆಮೆಯ ಮುಖ ನೋಡಲು ಆಗಲಿಲ್ಲ ನನಗೆ. ಅವಳು ನನ್ನ ಚೀಲ ಹಿಡಿದುಕೊಂಡು ನೆಲದ ಕಲ್ಲು ಎಣಿಸುತ್ತಿದ್ದಳು.

ಊತದ ಔಷಧ ಇದ್ದಕ್ಕಿದ್ದಂತೆ ನಿಂತದ್ದಕ್ಕೆ ಒಳಗಿನ ಉರಿ ಮತ್ತೆ ಹೊತ್ತಿಕೊಂಡಿದೆ. ಇವತ್ತೇ ಬಂದದ್ದು ಒಳ್ಳೆಯದಾಯಿತು, ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಅಂದರು. ಎರಡು ದಿನ ಎಚ್ಚರ ಇರುವಷ್ಟು ಹೊತ್ತೂ ಎರಡು ಗಂಟೆಗೊಮ್ಮೆ ಹನಿ. ಆಮೇಲೆ ನಾಲ್ಕು ಸಲದಿಂದ ಶುರುಮಾಡಿ ವಾರವಾರ ಇಳಿಸುವುದು. ನಡುವೆ ಬಂದು ಕಣ್ಣಿನ ಒತ್ತಡ ತೋರಿಸಿಕೊಳ್ಳಬೇಕು, ಈ ಔಷಧ ಕೆಲವರಿಗೆ ಅದನ್ನು ಏರಿಸುತ್ತದಂತೆ.

"ಬಿಟ್ಟುಹೋದದ್ದನ್ನೆಲ್ಲ ಸೇರಿಸಿ ಒಂದೇ ಸಲ ಹಾಕ್ಕೊಂಡುಬಿಡಲಾ?" ಅಂದೆ.

"ಆರು ದಿನದ ಊಟ ಒಂದೇ ದಿನ ಮಾಡ್ತೀರಾ?" ಅಂದಳು ನರ್ಸ್, ಗಂಟಲು ಮತ್ತೆ ಮೇಲಕ್ಕೆ.

ಕಣ್ಣು ಉಳಿಯುತ್ತದಾ ಅಂತ ಕೇಳಿದೆ. ಉಳಿಯುತ್ತೆ, ಹೇಳಿದಷ್ಟು ಮಾಡಿದರೆ ಅಂದರು. ಆ ಮಾತಿಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಬಗ್ಗಬೇಡಿ ಅಂತ ಅವರೇ ಹೇಳಿದ್ದರಿಂದ ಬಿಟ್ಟೆ.

ಬಸ್ಸಿನಲ್ಲಿ ಅವಳ ಪಕ್ಕ ಕೂತೆ. "ಬೈದೆ ಕಣೇ ನಿನ್ನ" ಅಂದೆ. ಅವಳು, "ಬಿಸಿಲು ಬರ್ತಿದೆ, ಈ ಕಡೆ ಕೂತ್ಕೊಳ್ಳಿ" ಅಂತ ಜಾಗ ಬದಲಾಯಿಸಿದಳು.

ಮಾರ್ಚ್ ೨೪, ಸೋಮವಾರ

ಮಂಜು ಕರಗಿದೆ. ನೋವಿಲ್ಲ. ಸೀಸೆಗೆ ಬಿಳಿ ಪಟ್ಟಿ ಬಂದಿದೆ, ಹೆಬ್ಬೆರಳಿನ ಗಾತ್ರದ ಅಕ್ಷರ. ಸೀಸೆ ತೆರೆದ ತಾರೀಕನ್ನೂ ಬರೆದಿದ್ದಾಳೆ, ತಿಂಗಳಾದ ಮೇಲೆ ಉಳಿದದ್ದನ್ನು ಎಸೆಯಬೇಕಂತೆ. ಗೋಡೆಯ ಮೇಲೆ ಹಾಳೆ ಅಂಟಿಸಿ, ಪ್ರತಿ ಹನಿಗೂ ಒಂದು ಗೀಟು ಹಾಕುತ್ತಾಳೆ. ಹನಿ ಹಾಕುವುದೂ ಅವಳೇ. ಅವಳ ಕೈ ನಿಧಾನ ಅಂತ ನಲವತ್ತು ಸಲ ಹೇಳಿದ್ದೇನೆ. ಈ ಕೆಲಸಕ್ಕೆ ನಿಧಾನದ ಕೈಯೇ ಬೇಕು. ಒಂದು ಹನಿಯೂ ಕೆನ್ನೆಗೆ ಬಿದ್ದಿಲ್ಲ.

ಲಾಂಡ್ರಿಯವನಿಗೆ ಅವನ ಸೀಸೆ ಎಸೆದದ್ದು ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ಉಳಿದ ಹಳೆಯ ಸೀಸೆಗಳನ್ನೂ ಎಸೆಯಲು ಅವನಮ್ಮನಿಗೆ ಹೇಳುತ್ತಾನಂತೆ.

ಒಂದು ಮಾತು ಮೂರು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಕಡು ನೀಲಿ ನನಗೆ ಕಪ್ಪಾಗಿ ಕಾಣುತ್ತಿತ್ತು ಅಂದರೆ, ನಾನು ಕಪ್ಪು ಅಂದುಕೊಂಡ ಆ ಕೋಟು ಯಾವ ಬಣ್ಣದ್ದು? ನಾನು ಅದಕ್ಕೆ ಹಾಕಿದ ದಾರ ಯಾವ ಬಣ್ಣದ್ದು? ಕೋಟು ಒಂದೇ ಆಗಿದ್ದರೆ ಹೇಗೋ. ಎಷ್ಟು ದಿನದಿಂದ ಹೀಗೆ ಮಾಡಿದ್ದೇನೋ? ಎಷ್ಟು ಜನರ ಬಟ್ಟೆ ಹಾಳು ಮಾಡಿದ್ದೇನೋ? ಆದರೆ ಒಬ್ಬರೂ ಬಂದು ಜಗಳ ಮಾಡಲಿಲ್ಲವಲ್ಲ!

ಮಾರ್ಚ್ ೨೯, ಶನಿವಾರ

ಇವತ್ತು ಅಂಗಡಿ ಕೋಣೆಗೆ ಹೋಗಲು ಒಪ್ಪಿಗೆ ಸಿಕ್ಕಿತು. ಆಮೆ ಟೀ ಮಾಡಲು ಒಳಗೆ ಹೋದಾಗ ಕೋಟು ತೆಗೆದು ಕಿಟಕಿಗೆ ಹಿಡಿದೆ.

ಕಡು ನೀಲಿ ಕೋಟು. ಮೇಷ್ಟ್ರು ಜನ್ಮದಲ್ಲಿ ಕಪ್ಪು ಕೋಟು ಹಾಕಿದವರೇ ಅಲ್ಲ.

ದಾರದ ಪೆಟ್ಟಿಗೆ ತೆರೆದೆ. ಅಂದು ನಾನು ಭುಜಕ್ಕೆ ಹಾಕಿದ ರೀಲು ಇನ್ನೂ ಮೇಲೇ ಇತ್ತು, ನಿಜವಾದ ಇದ್ದಿಲು ಕಪ್ಪು. ನೀಲಿ ಕೋಟಿನ ಭುಜದಲ್ಲಿ ಕರಿ ತೇಪೆ! ಭುಜ ತಿರುಗಿಸಿ ಹುಡುಕಿದೆ. ಇಲ್ಲ. ಬೆರಳಾಡಿಸಿದೆ. ಇಲ್ಲ. ಬಟ್ಟೆ ತಿರುವಿ ಒಳಗಿನಿಂದ ನೋಡಿದ ಮೇಲೆಯೇ ತೂತಿದ್ದ ಜಾಗ ಸಿಕ್ಕಿದ್ದು. ನೀಲಿಗೆ ನೀಲಿ, ಎಳೆಗೆ ಎಳೆ. ನನ್ನ ಹೆಣಿಗೆ ನನಗೆ ಗೊತ್ತಿಲ್ಲವೇ? ನಾನು ಬಿರಬಿರನೆ ಹೋಗುತ್ತೇನೆ, ಕೊನೆಯಲ್ಲಿ ಎಡಕ್ಕೆ ವಾಲುತ್ತೇನೆ. ಇದು ಎಲ್ಲೂ ವಾಲಿಲ್ಲ. ನಿಂತು ನಿಂತು, ಒಂದೊಂದು ಎಳೆಯನ್ನೂ ಮಾತಾಡಿಸಿ ಹೆಣೆದಿದ್ದು.

ಅವಳು ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಎಷ್ಟು ದಿನದಿಂದ?" ಅಂದೆ.

"ಏನು ಅತ್ತಿಗೆ?"

"ಗೊತ್ತಿಲ್ಲದ ಹಾಗೆ ಆಡಬೇಡ. ಎಷ್ಟು ದಿನದಿಂದ ನನ್ನ ಕೆಲಸ ಬಿಚ್ಚಿ ಮತ್ತೆ ಮಾಡ್ತಿದ್ದೀಯಾ?"

ಟೀ ಮೇಜಿನ ಮೇಲಿಟ್ಟಳು. ಲೋಟದ ಕೆಳಗೆ ಬಟ್ಟೆ ಇಟ್ಟಳು. ಆಮೇಲೆ ಹೇಳಿದಳು. "ಎರಡು ವರ್ಷ ಆಯ್ತು. ಎಲ್ಲಾನೂ ಅಲ್ಲ. ಬಣ್ಣ ತಪ್ಪಿದ್ದು ಮಾತ್ರ. ನೀವು ಮಧ್ಯಾಹ್ನ ಮಲಗ್ತೀರಲ್ಲ, ಆಗ."

ಎರಡು ವರ್ಷ! ಅವಳು ಮಧ್ಯಾಹ್ನ ಊಟದ ಪಾತ್ರೆ ತೊಳೆಯಲು ಮೂರು ಗಂಟೆ ತೆಗೆದುಕೊಳ್ಳುತ್ತಾಳೆ ಅಂತ ಬೀದಿಗೆಲ್ಲ ಹೇಳಿ ನಕ್ಕಿದ್ದೇನೆ.

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೇಳೋಕೆ ಬಂದೆ, ಎಷ್ಟೋ ಸಲ. ನಿಮಗೆ ಬಣ್ಣ ಗೊತ್ತಾಗಲ್ಲ ಅಂದ್ರೆ ನೀವು ಸೂಜಿ ಕೆಳಗಿಟ್ಟುಬಿಡ್ತಿದ್ರಿ. ಅದಕ್ಕೇ ಕಣ್ಣು ತೋರಿಸೋಣ, ಕಣ್ಣು ತೋರಿಸೋಣ ಅಂತ ಬೆನ್ನು ಬಿದ್ದೆ." ಮತ್ತೆ ಅಂದಳು, "ಸೀಸೆ ವಿಷಯದಲ್ಲಿ ಮಾತ್ರ ನಾನು ಸುಮ್ಮನಿರಬಾರದಿತ್ತು. ನೀವೆಷ್ಟೇ ಬೈದಿದ್ರೂ ದಿನಾ ಓದಿ ನೋಡಬೇಕಿತ್ತು. ಅದು ನನ್ನ ತಪ್ಪು."

ಅವಳ ತಪ್ಪಂತೆ! ನಾಚಿಕೆ, ಅಳು, ಅದರ ಮೇಲೆ ಎಲ್ಲಿಂದಲೋ ಬಂದ ನೆಮ್ಮದಿ. ಅಂಗಡಿಯ ಹೆಸರು ಉಳಿದಿದೆ, ಗಿರಾಕಿಗಳು ಉಳಿದಿದ್ದಾರೆ, ಕಣ್ಣೂ ಉಳಿದಿದೆ. ಮೂರನ್ನೂ ಉಳಿಸಿದವಳು ಎದುರಿಗೇ ಲೋಟ ಸರಿಪಡಿಸುತ್ತಾ ನಿಂತಿದ್ದಾಳೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರು ಅಂದೆ. ಅದು ನಲವತ್ತು ವರ್ಷದಿಂದ ನನ್ನ ಕುರ್ಚಿ. ಬೇಡ ಅಂದಳು. ಕೂರೇ ಅಂದೆ. ಕೂತಳು, ಅಂಚಿನಲ್ಲಿ.

ಏಪ್ರಿಲ್ ೧೨, ಶನಿವಾರ

ಕೋಟಿನ ಉಳಿದೆರಡು ತೂತು ನಾನೇ ಮುಗಿಸಿದೆ. ಬಣ್ಣ ಸರಿಯಿದೆಯಾ ಅಂತ ನಾದಿನಿಯನ್ನು ಕೇಳಿಯೇ ದಾರ ತೆಗೆದೆ. "ಈಗ ನಿಮಗೇ ಕಾಣುತ್ತಲ್ಲ" ಅಂದಳು. ಕಾಣುತ್ತದೆ. ಆದರೂ ಕೇಳಿದೆ.

ಕಣ್ಣಿನ ಒತ್ತಡ ಸರಿಯಾಗಿದೆಯಂತೆ. ಈಗ ದಿನಕ್ಕೆ ಒಂದೇ ಹನಿ.

ಏಪ್ರಿಲ್ ೧೭, ಗುರುವಾರ

ಬೆಳಿಗ್ಗೆ ಮೇಷ್ಟ್ರು ಬಂದರು. ನಾಳೆ ಅವರ ಕೊನೆಯ ಕಾರ್ಯಕ್ರಮ. ಕೋಟು ತೊಟ್ಟು ಕನ್ನಡಿ ಮುಂದೆ ನಿಂತು ಭುಜ ತಿರುಗಿಸಿದರು, ತೋಳು ತಿರುಗಿಸಿದರು. ತೂತು ಎಲ್ಲಿತ್ತು ಅಂತ ಅವರಿಗೇ ಸಿಗಲಿಲ್ಲ.

"ಭುಜದ್ದಂತೂ ಮಾಯವೇ ಆಗಿದೆಯಲ್ರೀ! ನಿಮ್ಮ ಕೈ ಅಂದ್ರೆ ಕೈ."

ನಲವತ್ತು ವರ್ಷದಿಂದ ಕೇಳಿ ಕೇಳಿ ಹಿಗ್ಗಿದ ಮಾತು. ನಾದಿನಿ ಆಗಲೇ ಒಳಕ್ಕೆ ಹೊರಟಿದ್ದಳು.

"ತೋಳಿನದೂ ಬೆನ್ನಿನದೂ ನನ್ನದು ಮೇಷ್ಟ್ರೇ" ಅಂದೆ. "ಭುಜದ್ದು ಇವಳದು. ನಾನು ಕರಿ ದಾರ ಹಾಕಿ ಕೆಡಿಸಿಟ್ಟಿದ್ದೆ. ಇವಳು ಬಿಚ್ಚಿ ಮತ್ತೆ ಮಾಡಿದ್ಲು. ಎರಡು ವರ್ಷದಿಂದ ಈ ಅಂಗಡೀಲಿ ಒಳ್ಳೇ ಕೈ ಅಂತ ಇರೋದು ಇವಳದೇ."

ಮೇಷ್ಟ್ರು ಅವಳ ಕಡೆ ತಿರುಗಿ, ಸಭೆಗೆ ಬಾಗುವ ಹಾಗೆ ಕೋಟಿನ ಸಮೇತ ಬಾಗಿದರು. ನಾಳೆಗೆ ಇಬ್ಬರಿಗೂ ಮುಂದಿನ ಸಾಲಿನ ಟಿಕೆಟು ಕೊಟ್ಟು ಹೋದರು. ಅವಳು ಎಷ್ಟೋ ಹೊತ್ತು ಬಾಗಿಲ ಪರದೆಯನ್ನೇ ಸರಿಮಾಡುತ್ತಿದ್ದಳು. ಪರದೆಗೆ ಏನೂ ಆಗಿರಲಿಲ್ಲ.

ಸಂಜೆ ಕೊನೆಯ ಹನಿ. ಗೋಡೆಯ ಹಾಳೆಯಲ್ಲಿ ಒಂದೇ ಒಂದು ಗೀಟಿಗೆ ಜಾಗ ಉಳಿದಿತ್ತು. ಕುರ್ಚಿಗೆ ತಲೆ ಆನಿಸಿ ಮೇಲೆ ನೋಡಿದೆ. ಅವಳು ಕೈ ತೊಳೆದು ಬಂದು, ಪಟ್ಟಿ ಓದಿ, ಕೆಳರೆಪ್ಪೆ ಎಳೆದು ಹಿಡಿದಳು. ಅಷ್ಟು ಹತ್ತಿರದಿಂದ ಅವಳ ಮುಖ ನೋಡಿದೆ. ಕಿವಿಯ ಹತ್ತಿರ ಕೂದಲೆಲ್ಲ ಬೆಳ್ಳಗಾಗಿದೆ. ಯಾವಾಗ ಆಯಿತೋ, ನಾನು ನೋಡಿಯೇ ಇರಲಿಲ್ಲ.

"ಔಷಧಿ ಕೆನ್ನೆಗೆ ಇಳೀತಿದೆ ಕಣೇ, ಒರೆಸು" ಅಂದೆ.

ಸೀಸೆ ಹಿಡಿದ ಕೈ ಹಾಗೇ ನಿಂತಿತು.

"ಹನಿ ಇನ್ನೂ ಹಾಕಿಲ್ಲ ಅತ್ತಿಗೆ" ಅಂದಳು.